ಹದಿನೇಳನೆಯ ಪೋಸ್ಟರಿನ ಹಳದಿ ಕೋಟು

ಗ್ರೋನಿಂಗನ್
18 ಜನವರಿ 1988

ರೆನ್ಸ್ಕೆ,

ಹದಿನಾರು ವರ್ಷಗಳ ಮೇಲೆ ಬರೆಯುವ ಕಾಗದದಲ್ಲಿ ಮೊದಲು ಕ್ಷೇಮ ವಿಚಾರಿಸಬೇಕು. ವಿಚಾರಿಸಿದೆ ಎಂದುಕೋ. ಆಮೆಲಾಂಡ್ ದ್ವೀಪದಲ್ಲಿ ನಿನ್ನ ಸೈಕಲ್ ಬಾಡಿಗೆ ಅಂಗಡಿ ಚೆನ್ನಾಗಿ ನಡೆಯುತ್ತಿದೆ, ಬೇಸಿಗೆಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ ಎಂದು ಅವರಿವರ ಬಾಯಲ್ಲಿ ಕೇಳಿದ್ದೇನೆ. ಈಗ ಚಳಿಗಾಲ. ಪುರುಸೊತ್ತು ಸಿಕ್ಕಿದೆ, ಬಣ್ಣದ ಡಬ್ಬಿ ತೆಗೆದಿದ್ದೀಯ. ಹದಿನೇಳನೆಯ ನಂಬರಿನ ಪೋಸ್ಟರ್ ನಿನ್ನದು. ಇಲ್ಲ ಎಂದು ಮಾತ್ರ ಹೇಳಬೇಡ.

ಈ ಸ್ಪರ್ಧೆಗೆ ನಾನು ತೀರ್ಪುಗಾರಳು ಎಂದು ನಿನಗೆ ಗೊತ್ತಿತ್ತೋ ಇಲ್ಲವೋ ತಿಳಿಯದು. ಓದು ಬರಹ ಬಾರದ ದೊಡ್ಡವರು ನಮ್ಮ ನಡುವೆ ಎಷ್ಟು ಮಂದಿ ಇದ್ದಾರೆ ಎಂಬುದನ್ನು ಅಂಕಿಅಂಶದ ಚಿತ್ರವಾಗಿ ತೋರಿಸಬೇಕು. ಗೆದ್ದದ್ದನ್ನು ಪ್ರಾಂತ್ಯದವರು ಎಲ್ಲ ಅಂಚೆ ಕಚೇರಿ, ಬಸ್ ನಿಲ್ದಾಣ, ಆಸ್ಪತ್ರೆಗಳಲ್ಲಿ ಹಾಕಿಸುತ್ತಾರೆ. ಇಪ್ಪತ್ತಮೂರು ಬಂದಿವೆ. ಹೆಸರುಗಳೆಲ್ಲ ಅಂಟಿಸಿದ ಲಕೋಟೆಯೊಳಗಿವೆ, ನಮಗೆ ಕಾಣುವುದು ನಂಬರು ಮಾತ್ರ. ನಾವು ಐವರು ಮೂರು ವಿಷಯಕ್ಕೆ ಅಂಕ ಕೊಡಬೇಕು: ಅಂಕಿ ಸುಳ್ಳು ಹೇಳುತ್ತಿಲ್ಲವಷ್ಟೆ, ಹತ್ತು ಸೆಕೆಂಡಿನಲ್ಲಿ ತಿಳಿಯುತ್ತದೆಯೆ, ನೋಡಲು ಹಿತವಾಗಿದೆಯೆ.

ಆ ಹತ್ತು ಸೆಕೆಂಡಿನ ಪರೀಕ್ಷೆಗೆ ನಮ್ಮ ಕಣ್ಣು ಆಗದು, ಕಲಿತು ಕೆಟ್ಟ ಕಣ್ಣು. ಅದಕ್ಕೆ ಕಲಾಶಾಲೆಯ ಕ್ಯಾಂಟೀನಿನಿಂದ ಹಿಲ್ಲಿಯನ್ನು ಕರೆದೆವು. ಪಾಪದ ಹೆಂಗಸು. ಪ್ರತಿದಿನದ ಸೂಪು ಯಾವುದೆಂದು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದಿಡುತ್ತಾಳೆ: ಬಟಾಣಿ, ಕ್ಯಾರೆಟ್, ಮೀನು. ಒಂದು ಪದವಿಲ್ಲದೆ ಹೇಳುವುದೆಂದರೆ ಹೀಗೆ ಎಂದು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳನ್ನು ಆ ಬೋರ್ಡಿನ ಮುಂದೆ ನಿಲ್ಲಿಸಿ ಪಾಠ ಮಾಡುತ್ತೇನೆ. ನಿಯಮ ಇಷ್ಟೆ: ಮೊಟ್ಟೆ ಬೇಯಿಸುವ ಗಡಿಯಾರ ತಿರುಗಿಸುತ್ತೇವೆ, ಅವಳು ಪೋಸ್ಟರ್ ನೋಡಿ, ಗಂಟೆ ಹೊಡೆದಾಗ ಬೆನ್ನು ತಿರುಗಿಸಿ, ಏನು ತಿಳಿಯಿತೋ ಹೇಳಿ ಅಂಕ ಕೊಡಬೇಕು.

ಹದಿನಾರರ ತನಕ ಅವಳದು ಒಂದೇ ಮಾತು. "ಅಯ್ಯೋ, ಕನ್ನಡಕ ಮನೇಲೇ ಬಿಟ್ಟು ಬಂದಿದೀನಿ ಕಣ್ರೀ. ಬಣ್ಣ ಚೆನ್ನಾಗಿದೆ." ಎಲ್ಲರೂ ನಕ್ಕೆವು. ಹದಿನೇಳನೆಯದರ ಮುಂದೆ ನಿಂತಳು. ಬಸ್ಸಿಗೆ ಕಾದ ಹನ್ನೆರಡು ಜನ. ಹನ್ನೊಂದು ಮಂದಿ ವೇಳಾಪಟ್ಟಿ ನೋಡುತ್ತಿದ್ದಾರೆ, ಹಳದಿ ಕೋಟಿನ ಒಬ್ಬಳು ಮಾತ್ರ ಪಕ್ಕದವರ ಮುಖ ನೋಡುತ್ತಿದ್ದಾಳೆ. ಕೆಳಗೆ ಟೆಲಿಫೋನಿನ ಚಿತ್ರ, ದೊಡ್ಡವರಿಗೆ ಓದು ಕಲಿಸುವವರ ನಂಬರು. ಒಂದು ಅಕ್ಷರವಿಲ್ಲ.

"ಆ ಹಳದಿ ಕೋಟಿನೋಳು ಮೂರನೇ ನಂಬರ್ ಬಸ್ಸು ಆಸ್ಪತ್ರೆಗೆ ಹೋಗತ್ತಾ ಅಂತ ಕೇಳ್ತಾ ಇದಾಳೆ," ಎಂದಳು ಹಿಲ್ಲಿ. "ಹೋಗತ್ತೆ ಅಂತ ಅವಳಿಗೂ ಗೊತ್ತು. ಆದ್ರೂ ಕೇಳ್ತಾಳೆ. ಮೊನ್ನೆ ಯಾವನೋ ಮುಖ ಸಿಂಡರಿಸಿದ್ನಲ್ಲ, ಅದಕ್ಕೇ ಇವತ್ತು ಹೆಂಗಸರ ಮುಖಾನೇ ಹುಡುಕ್ತಾ ಇದಾಳೆ." ಗಂಟೆ ಹೊಡೆದರೂ ಅವಳ ಮಾತು ನಿಲ್ಲಲಿಲ್ಲ, ಬೆನ್ನು ತಿರುಗಿಸಲು ನಾನೇ ಭುಜ ಮುಟ್ಟಬೇಕಾಯಿತು.

ಉಳಿದವರು ಪೋಸ್ಟರ್ ನೋಡಿದರು, ನಾನು ನಿನ್ನ ಕೈ ನೋಡಿದೆ. ಹಿಮ್ಮಡಿಯಿಲ್ಲದ ಆ ಕಾಲುಗಳು ಯಾರವು? ಹಳದಿಗೆ ಒಂದೇ ಹನಿ ಕಂದು ಬೆರೆಸುವವರು ಯಾರು? ಎಡಗಡೆಯ ಕೆಳಮೂಲೆಯನ್ನು ಖಾಲಿ ಬಿಟ್ಟು ಎದೆ ಝಲ್ಲೆನ್ನಿಸುವವರು ಇನ್ನೊಬ್ಬರಿದ್ದರೆ ಹೇಳು. ಮೀನಂಗಡಿಯ ಮೇಲಿನ ನಮ್ಮ ಸ್ಟುಡಿಯೋದಲ್ಲಿ ಎಂಟು ವರ್ಷ ನಿನ್ನ ಎದುರು ಮೇಜಿನಲ್ಲಿ ಕೂತವಳು ನಾನು. ಗಿರಾಕಿಗಳು ಬಾಗಿಲು ತೆಗೆದು, ನನ್ನ ಮುಖ ನೋಡಿ, "ರೆನ್ಸ್ಕೆ ಇಲ್ವಾ?" ಎನ್ನುತ್ತಿದ್ದರು. ಅಂದು ಹೊಟ್ಟೆಯಲ್ಲಿ ಹೊತ್ತಿದ್ದು ಮೊನ್ನೆ ಆ ಗೋಡೆಯ ಮುಂದೆ ಮತ್ತೆ ಹೊತ್ತಿಕೊಂಡಿತು. ಐವತ್ತೆರಡು ವರ್ಷದ ಹೆಂಗಸು ಹೀಗೆ ಬರೆಯಬಾರದು, ಬರೆಯುತ್ತಿದ್ದೇನೆ.

ಪೋಸ್ಟರನ್ನು ವಾಪಸು ತೆಗೆದುಕೋ. ಕೊನೆಯ ಸಭೆ ಫೆಬ್ರವರಿ 26ಕ್ಕೆ.

ಫ್ರೌಕೆ

—

ನೆಸ್, ಆಮೆಲಾಂಡ್
29 ಜನವರಿ

ಫ್ರೌಕೆ,

ಗಾಳಿ ಜೋರಾಗಿ ಮೂರು ದಿನ ದೋಣಿ ನಿಂತಿತ್ತು, ನಿನ್ನ ಕಾಗದ ನಿನ್ನೆ ಬಂತು. ಅಂಗಡಿಯ ಬಾಗಿಲಲ್ಲೇ ನಿಂತು ಓದಿದೆ, ಸೂಪು ತಳ ಹಿಡಿಯಿತು.

ಹದಿನೇಳನೆಯದು ನನ್ನದಲ್ಲ. ಆ ವೃತ್ತಗಳ ಗಲಾಟೆಯಾದ ಮೇಲೆ ನಾನು ಕುಂಚ ಹಿಡಿದದ್ದು ಸೈಕಲಿನ ಮಡ್‌ಗಾರ್ಡಿನ ಮೇಲೆ ನಂಬರು ಬರೆಯಲು ಮಾತ್ರ. ನಿನಗೆ ಮರೆತಿರಲಾರದು, ಆದರೂ ಹೇಳುತ್ತೇನೆ. ಮನೆಗಾಗಿ ಕಾದಿರುವ ಕುಟುಂಬಗಳು ಎರಡು ಪಟ್ಟಾಗಿವೆ ಎಂದು ತೋರಿಸಲು ನಾನು ವೃತ್ತದ ಅಗಲವನ್ನೇ ಎರಡು ಪಟ್ಟು ಮಾಡಿದೆ, ವೃತ್ತ ನಾಲ್ಕು ಪಟ್ಟು ದೊಡ್ಡದಾಯಿತು. ನಗರಸಭೆಯಲ್ಲಿ ಒಬ್ಬ ಮಹಾಶಯ ನನ್ನ ಪೋಸ್ಟರಿನ ಮೇಲೆ ಅಡಿಪಟ್ಟಿ ಇಟ್ಟು ಅಳೆದ. "ಇವರ ಲೆಕ್ಕ ನೋಡಿ ಸ್ವಾಮಿ, ಊದಿಸಿದ ಬಲೂನು!" ಎಂದ. ಸಭೆಯೆಲ್ಲ ನಕ್ಕಿತು. ಆ ವರ್ಷ ಆ ಮನೆಗಳನ್ನು ಕಟ್ಟಲಿಲ್ಲ. ನನಗೆ ನಾಚಿಕೆಯಾದದ್ದು ನಗುವಿಗಲ್ಲ, ಮನೆಗಳಿಗೆ.

ಹದಿನೇಳು ಯಾರದೆಂದು ನನಗೆ ಗೊತ್ತು. ಲಕೋಟೆ ಒಡೆಯುವ ತನಕ ಹೇಳುವುದಿಲ್ಲ. ಹೇಳಿದರೆ ನೀನು ತೀರ್ಪುಗಾರಳಾಗಿ ಕೂರುವ ಹಾಗಿಲ್ಲ.

ನಾಲ್ಕು ಪುಟ ಬರೆದಿದ್ದೀಯ. ಪೋಸ್ಟರ್ ಚೆನ್ನಾಗಿದೆಯೋ ಇಲ್ಲವೋ ಎಂದು ಎಲ್ಲೂ ಬರೆದಿಲ್ಲ.

ರೆನ್ಸ್ಕೆ

—

ಗ್ರೋನಿಂಗನ್
6 ಫೆಬ್ರವರಿ

ರೆನ್ಸ್ಕೆ,

ಚೆನ್ನಾಗಿದೆ. ಬೇಕಿದ್ದ ಮಾತು ಇದೇ ತಾನೆ? ತಗೋ. ಉಳಿದ ಇಪ್ಪತ್ತೆರಡರಲ್ಲಿ ಓದಲಾರದವರನ್ನು ಕಪ್ಪು ನೆರಳು, ಮುರಿದ ಪೆನ್ಸಿಲು, ಬಾಯಿಗೆ ಬೀಗ, ಹೀಗೆ ಏನೇನೋ ಮಾಡಿದ್ದಾರೆ. ಐದನೆಯದು ಪರವಾಗಿಲ್ಲ, ಅಂಕಿ ಸರಿಯಾಗಿದೆ, ಅಚ್ಚುಕಟ್ಟಾಗಿದೆ, ನನ್ನ ಹಾಗೆ. ಹದಿನೇಳನೆಯದರ ಎದುರು ಮಾತ್ರ ನಿಂತವರಿಗೆ ಆ ಸಾಲಿನಲ್ಲಿ ತಾವೂ ನಿಂತ ಹಾಗಾಗುತ್ತದೆ. ಹನ್ನೆರಡಕ್ಕೆ ಒಬ್ಬಳು ಎಂಬ ಅಂಕಿ ಯಾರೂ ಎಣಿಸದೆಯೇ ತಲೆಗೆ ಹೋಗುತ್ತದೆ.

ಅಂದರೆ ನಿನಗೊಬ್ಬ ಶಿಷ್ಯ ಇದ್ದಾನೆ, ಇಲ್ಲವೇ ಶಿಷ್ಯೆ. ಇದು ಇನ್ನೂ ಉರಿಯುತ್ತದೆ. ಹದಿನಾಲ್ಕು ವರ್ಷ ಪಾಠ ಮಾಡಿದ್ದೇನೆ, ಏನಿಲ್ಲವೆಂದರೂ ನಾನೂರು ಮಕ್ಕಳು. ಒಂದು ಮಗುವಿನ ಕೈಯಲ್ಲೂ ನನ್ನ ಕೈ ಕಂಡಿಲ್ಲ. ಹೆತ್ತ ಮಗಳನ್ನೇ ತಗೋ. ಯೋರಿಂಡ ನಿನಗೆ ನೆನಪಿರಬೇಕು, ನಿನ್ನ ಮೇಜಿನ ಕೆಳಗೇ ಬೆಳೆದವಳು. ನನ್ನ ಕಲಾಶಾಲೆಗೇ ಸೇರಿದಳು, ಮೊದಲ ವರ್ಷ ಹತ್ತಕ್ಕೆ ಐದು ಕೊಟ್ಟೆ, ಬಿಟ್ಟುಹೋದಳು. ಐದು ಎಂದರೆ ನಪಾಸು, ನನ್ನ ಮಗಳೆಂದು ಆರು ಕೊಡಲು ಆಗುತ್ತದೆಯೆ? ಈಗ ಆಸ್ಪತ್ರೆಯ ಮುಂಬಾಗಿಲ ಮೇಜಿನಲ್ಲಿ ಕೂತು ರೋಗಿಗಳ ಫಾರಂ ತುಂಬುತ್ತಾಳೆ. ಶನಿವಾರ ಬಿಟ್ಟು ಶನಿವಾರ ನಿಮ್ಮ ದ್ವೀಪಕ್ಕೇ ಬಂದು ಹಕ್ಕಿ ಎಣಿಸುತ್ತಾಳಂತೆ. ರೆನ್ಸ್ಕೆಯ ಅಂಗಡಿ ಕಂಡಿದ್ದೀಯಾ ಎಂದು ಕೇಳಿದರೆ, "ನಾನು ಹೋಗೋದು ದಂಡೆ ಕಡೆಗಮ್ಮಾ," ಎನ್ನುತ್ತಾಳೆ.

ಹೋಗಲಿ. ನಿನ್ನೆಯ ಸಭೆಯ ವಿಷಯ ಹೇಳುತ್ತೇನೆ, ನಿನಗೂ ಗೊತ್ತಾಗಲಿ. ಒಂದೊಂದು ಕಪ್ ಕಾಫಿ, ಒಂದೊಂದು ಬಿಸ್ಕತ್ತು ಆದ ಮೇಲೆ ಅಂಕ ಕೂಡಿಸಿದರು. ಹದಿನೇಳು ಎಲ್ಲಕ್ಕಿಂತ ಮೇಲಿತ್ತು. ನಾನು ಕೈ ಎತ್ತಿದೆ. "ನೋಡುವವರ ದೃಷ್ಟಿ ಸರಿಯಾಗಿರಬೇಕು ಅಂತ ನಿಯಮದಲ್ಲೇ ಇದೆ," ಎಂದೆ. "ಹಿಲ್ಲಿ ಆ ದಿನ ಕನ್ನಡಕ ತಂದಿರಲಿಲ್ಲ, ಅವರೇ ಇಪ್ಪತ್ತು ಸಲ ಹೇಳಿದಾರೆ. ಹಾಗಾಗಿ ಅವರ ಅಂಕ ಯಾವುದಕ್ಕೂ ಲೆಕ್ಕವಿಲ್ಲ."

ಅಧ್ಯಕ್ಷರು ಹೆರ್ಬೆನ್ ಎಂಬವರು, ನಿಯಮ ಎಂದರೆ ಎದ್ದು ನಿಲ್ಲುವ ಮನುಷ್ಯ. ಎರಡು ನಿಮಿಷ ಹಾಳೆ ತಿರುವಿ, "ಫ್ರೌಕೆಯವರು ಹೇಳೋದು ಸರಿಯಾಗಿದೆ," ಎಂದರು. ಹಿಲ್ಲಿಯ ಅಂಕಗಳಿಗೆ ಗೀಟು ಹಾಕಿದರು. ಬೇರೆ ಯಾವ ಪೋಸ್ಟರಿಗೂ ಅದರಿಂದ ನಷ್ಟವಿಲ್ಲ, ಅವಳು ಕೊಟ್ಟಿದ್ದೇ ಹದಿನೇಳಕ್ಕೆ ಮಾತ್ರ. ಈಗ ಅದು ನಾಲ್ಕನೆಯ ಸ್ಥಾನಕ್ಕೆ ಇಳಿದಿದೆ. ನಾನು ಸುಳ್ಳು ಹೇಳಲಿಲ್ಲ, ನಿಯಮ ಹೇಳಿದೆ. ಮನೆಗೆ ಹೋಗುವಾಗ ಸೈಕಲ್ ಎಷ್ಟು ಹಗುರಾಗಿ ಓಡಿತು ಎಂದರೆ ನನಗೇ ನಾಚಿಕೆಯಾಯಿತು.

ಫ್ರೌಕೆ

—

ನೆಸ್
13 ಫೆಬ್ರವರಿ

ಫ್ರೌಕೆ,

ನನ್ನ ಅಂಗಡಿಯಲ್ಲಿ ಸೈಕಲ್ ಬೇಕಾದವರು ಒಂದು ಫಾರಂ ತುಂಬಬೇಕು. ಹೆಸರು, ಊರು, ವಾಪಸು ಕೊಡುವ ದಿನ. ಪ್ರತಿ ವಾರ ಇಬ್ಬರಾದರೂ ಬರುತ್ತಾರೆ, ಜೇಬು ತಡಕುತ್ತಾರೆ, "ಕನ್ನಡಕ ಹೋಟೆಲಲ್ಲೇ ಉಳೀತು, ನೀವೇ ಸ್ವಲ್ಪ ಬರ್ಕೊಳ್ಳಿ," ಎನ್ನುತ್ತಾರೆ. ಆಮೇಲೆ ಹೊರಗೆ ಹೋಗಿ ದೂರದ ದೀಪಸ್ತಂಭದ ಕೆಂಪು ಪಟ್ಟೆಗಳನ್ನು ಮಕ್ಕಳಿಗೆ ಎಣಿಸಿ ತೋರಿಸುತ್ತಾರೆ. ಮೊದಮೊದಲು ನನಗೂ ತಿಳಿಯುತ್ತಿರಲಿಲ್ಲ. ಈಗ ಅವರು ಜೇಬಿಗೆ ಕೈ ಹಾಕುವ ಮೊದಲೇ ಪೆನ್ನು ನಾನೇ ಎತ್ತಿಕೊಳ್ಳುತ್ತೇನೆ.

ನಿನಗೆ ಒಂದೇ ಪ್ರಶ್ನೆ. ಹಿಲ್ಲಿ ನಿಮ್ಮ ಕ್ಯಾಂಟೀನಿನಲ್ಲಿ ಎಷ್ಟು ವರ್ಷದಿಂದ ಇದ್ದಾಳೆ? ಅಷ್ಟು ವರ್ಷದಲ್ಲಿ ಅವಳ ಮೂಗಿನ ಮೇಲೆ ಕನ್ನಡಕವನ್ನು ಒಂದು ದಿನವಾದರೂ ಕಂಡಿದ್ದೀಯಾ?

ಸೂಪಿನ ಚಿತ್ರವನ್ನು ಯಾಕೆ ಬರೆಯುತ್ತಾಳೆ ಎಂದು ನೀನು ಎಂದಾದರೂ ಕೇಳಿದ್ದುಂಟೆ? ಪಾಠ ಮಾಡಿದ್ದೀಯ, ಸರಿ.

ನನ್ನ ಮೇಲಿನ ಸಿಟ್ಟಿಗೆ ಅವಳ ಬಾಯಿ ಮುಚ್ಚಿಸಿದ್ದೀಯ. ಆ ಇಪ್ಪತ್ತಮೂರು ಪೋಸ್ಟರುಗಳು ಯಾರಿಗಾಗಿ ಇದ್ದವೋ, ಆ ಕೋಣೆಯಲ್ಲಿ ಇದ್ದ ಅಂಥವಳು ಒಬ್ಬಳೇ.

ರೆನ್ಸ್ಕೆ

—

ಗ್ರೋನಿಂಗನ್
28 ಫೆಬ್ರವರಿ

ರೆನ್ಸ್ಕೆ,

ನಿನ್ನ ಕಾಗದ ಬಂದ ಮೇಲೆ ಒಂದು ವಾರ ಕ್ಯಾಂಟೀನಿಗೆ ಹೋಗಲಿಲ್ಲ. ಮನೆಯಿಂದ ಬ್ರೆಡ್ಡು ಒಯ್ದು ಬಾಗಿಲು ಹಾಕಿಕೊಂಡು ತಿಂದೆ. ಎಂಟನೆಯ ದಿನ ಎಲ್ಲರೂ ಉಂಡು ಎದ್ದ ಮೇಲೆ ಹೋದೆ. ಬೋರ್ಡಿನ ಮೇಲೆ ಈರುಳ್ಳಿ ಇತ್ತು, ಬೇರಿನ ಎಳೆಗಳನ್ನೂ ಬಿಡದೆ ಬರೆದಿದ್ದಳು.

"ಹಿಲ್ಲಿ, ಒಂದು ಮಾತು ಕೇಳ್ಲಾ?" ಎಂದೆ. "ನಿಮ್ಮ ಕನ್ನಡಕ..."

ಅವಳು ಮೇಜು ಒರೆಸುತ್ತಿದ್ದಳು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು. "ಮನೇಲಿದೆ," ಎಂದಳು. ನಾನು ಕುರ್ಚಿ ಎಳೆದು ಕೂತೆ. ಅವಳು ಬಟ್ಟೆ ಕೆಳಗಿಟ್ಟಳು. "ನಾವು ಹುಲ್ಲು ಕೊಯ್ಯೋ ಕೂಲಿ ಜನ ಫ್ರೌಕೆಯವ್ರೆ. ಒಂಬತ್ತು ಮಕ್ಕಳು, ನಾನು ಹಿರಿಯೋಳು. ಸ್ಕೂಲಿಗೆ ಹೋದ ದಿನ ಬೆರಳಲ್ಲಿ ಎಣಿಸಬಹುದು. ಇದು ನನ್ನ ಮಗನಿಗೂ ಗೊತ್ತಿಲ್ಲ. ದಯವಿಟ್ಟು ಯಾರಿಗೂ ಹೇಳ್ಬೇಡಿ. ಇಲ್ಲಿ ಎಲ್ರೂ ಓದಿದೋರು, ನಾಳೆಯಿಂದ ನನ್ನ ಬೋರ್ಡು ನೋಡಿದ್ರೆ ಅವರ ಮುಖ ಬೇರೆ ಥರ ಆಗತ್ತೆ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನಿನಗೆ ಬರೆಯುತ್ತಿರುವುದು ನೀನೇ ಮೊದಲು ಕಂಡುಹಿಡಿದೆ ಎಂದು.

ನನ್ನ ಕಷ್ಟ ನೋಡು. ಹಿಲ್ಲಿಯ ಅಂಕ ವಾಪಸು ಬರಬೇಕು. ಯಾಕೆ ಬರಬೇಕು ಎಂದು ಹೇಳುವ ಹಾಗಿಲ್ಲ. ನನ್ನ ಆಕ್ಷೇಪಣೆ ತಪ್ಪು ಎನ್ನಬೇಕಾದರೆ ಕಾರಣ ಬೇಕು, ಕೈಯಲ್ಲಿದ್ದ ಕಾರಣ ಇನ್ನೊಂದೇ. ಶುಕ್ರವಾರ ಸಭೆ ಶುರುವಾದ ಕೂಡಲೇ ಎದ್ದು ನಿಂತೆ. "ನಾನು ಆ ಮಾತು ಎತ್ತಿದ್ದು ನಿಯಮಕ್ಕಾಗಿ ಅಲ್ಲ, ಹೊಟ್ಟೆಕಿಚ್ಚಿಗೆ," ಎಂದೆ. "ಹದಿನೇಳು ರೆನ್ಸ್ಕೆ ಬರೆದದ್ದು ಅಂದ್ಕೊಂಡೆ. ಅವಳನ್ನ ಕಂಡ್ರೆ ನನಗೆ ಮೊದಲಿಂದ್ಲೂ ಆಗಲ್ಲ. ಹಿಲ್ಲಿ ದೂರದಿಂದ ನೋಡಿ ಅಷ್ಟೂ ಹೇಳಿದ್ರು, ಅವರ ಕಣ್ಣಿಗೆ ಏನೂ ಆಗಿಲ್ಲ. ನನ್ನ ಅಂಕ ತೆಗೀರಿ, ಅವರದು ಇಟ್ಕೊಳ್ಳಿ."

ಹೆರ್ಬೆನ್ ಕೆಮ್ಮಿದರು. ನನ್ನ ಅಂಕ ತೆಗೆದು, ಅವಳದು ಸೇರಿಸಿ, ಮತ್ತೆ ಕೂಡಿಸಿದರು. ಹದಿನೇಳು ಮೊದಲಿಗಿಂತಲೂ ಮೇಲೆ ಹೋಯಿತು. ಅಂದರೆ ಇಷ್ಟು ದಿನ ಅದನ್ನು ಕೆಳಗೆ ಎಳೆಯುತ್ತಿದ್ದದ್ದು ಕೂಡ ನಾನೇ.

ಆಮೇಲೆ ಲಕೋಟೆ ಒಡೆದರು. ಒಳಗೆ ಯಾವ ಹೆಸರಿತ್ತು ಎಂದು ನಿನಗೆ ಗೊತ್ತು. ಯೋರಿಂಡ. ನನ್ನ ಮಗಳು.

ನಾಲ್ಕು ಜೊತೆ ಕಣ್ಣು ನನ್ನ ಕಡೆ ತಿರುಗಿದವು. ಮಗಳನ್ನು ಗೆಲ್ಲಿಸಲು ತಾಯಿ ಎಂಥ ನಾಟಕ ಆಡಿದಳು ಎಂದು ಅವರ ಮುಖದಲ್ಲೇ ಬರೆದಿತ್ತು. ನಾನು ಎಂದೂ ಆಡಿರದಷ್ಟು ನಿಜ ಅವತ್ತು ಆಡಿದ್ದೆ, ಒಬ್ಬರೂ ನಂಬಲಿಲ್ಲ. ತೀರ್ಪುಗಾರರ ಮನೆಯವರಿಗೆ ಬಹುಮಾನ ಇಲ್ಲವಂತೆ, ಅದು ಐದನೆಯ ನಂಬರಿಗೆ ಹೋಯಿತು. ಪೋಸ್ಟರ್ ಮಾತ್ರ ಹದಿನೇಳನ್ನೇ ಅಚ್ಚು ಹಾಕಿಸುತ್ತಾರೆ, ಹೆಸರಿಲ್ಲದೆ. ನನ್ನನ್ನು ಇನ್ನು ಮುಂದೆ ಯಾವ ಸಮಿತಿಗೂ ಕರೆಯುವುದಿಲ್ಲ. ಹೆರ್ಬೆನ್ ನನಗೆ ಕೋಟು ಹಾಕಿಕೊಳ್ಳಲು ಸಹಾಯ ಮಾಡಿದರು, ಕೈ ಕುಲುಕಲಿಲ್ಲ.

ಅದೆಲ್ಲ ಹೋಗಲಿ ರೆನ್ಸ್ಕೆ. ಹಕ್ಕಿ ಎಣಿಸುತ್ತಿದ್ದಳಂತೆ! ಎರಡು ವರ್ಷ ಶನಿವಾರ ಬೆಳಿಗ್ಗೆ ಎದ್ದು ನಾನೇ ಅವಳಿಗೆ ಬ್ರೆಡ್ಡಿನ ಮಧ್ಯೆ ಚೀಸ್ ಇಟ್ಟು ಕಟ್ಟಿಕೊಟ್ಟಿದ್ದೇನೆ. ಎರಡು ಜಾಸ್ತಿ ಇಡಮ್ಮಾ, ಗಾಳಿಗೆ ಹಸಿವಾಗತ್ತೆ ಎನ್ನುತ್ತಿದ್ದಳು. ಆ ಎರಡು ನಿನಗೆ. ನನ್ನ ಕೈಯ ಬ್ರೆಡ್ಡು ತಿಂದುಕೊಂಡು ನನ್ನ ಮಗಳಿಗೆ ನಿನ್ನ ಕೈ ಕಲಿಸಿದೆ. ನೀನು ಗಿರಾಕಿಗಳನ್ನು ತೆಗೆದುಕೊಂಡೆ, ನಾನು ಸುಮ್ಮನಿದ್ದೆ. ಇವಳನ್ನೂ ಬಿಡಲಿಲ್ಲವಲ್ಲ.

ಇದಕ್ಕೆ ಉತ್ತರ ಬರೆಯಬೇಡ.

ಫ್ರೌಕೆ

—

ನೆಸ್
20 ಮಾರ್ಚ್

ಫ್ರೌಕೆ,

ಮೂರು ವಾರ ನಿನ್ನ ಮಾತು ಕೇಳಿದೆ. ಇನ್ನು ಆಗುವುದಿಲ್ಲ.

ಬ್ರೆಡ್ಡು ಚೆನ್ನಾಗಿರುತ್ತಿತ್ತು. ಸಾಸಿವೆ ಮಾತ್ರ ನೀನು ಯಾವಾಗಲೂ ಜಾಸ್ತಿ ಹಚ್ಚುತ್ತೀಯ.

ಯೋರಿಂಡ ತಾನಾಗಿಯೇ ಬಂದಳು. ಒಂದು ಸೈಕಲ್ ಬಾಡಿಗೆಗೆ ತೆಗೆದುಕೊಂಡು, ಫಾರಂ ತುಂಬಿ, ಹೆಸರು ನೋಡಿ ನಾನು ತಲೆಯೆತ್ತುವ ತನಕ ಅಲ್ಲೇ ನಿಂತಿದ್ದಳು. ಆಸ್ಪತ್ರೆಯಲ್ಲಿ ಕನ್ನಡಕ ಮರೆತವರನ್ನು ನೋಡಿ ನೋಡಿ ಅವಳಿಗೆ ತಡೆಯಲಾಗಿರಲಿಲ್ಲ, ಏನಾದರೂ ಬರೆಯಬೇಕು ಎಂದಳು. ಬಸ್ಸಿನ ಸಾಲು ಅವಳದೇ. ಹಳದಿ ಕೋಟೂ ಅವಳದೇ. ನಾನು ಹೇಳಿಕೊಟ್ಟದ್ದು ಕಾಲುಗಳು, ಆ ಹಳದಿ, ಖಾಲಿ ಮೂಲೆ. ಅವು ಬೇಕಾಗಿರಲಿಲ್ಲ ಫ್ರೌಕೆ. ಅವಳ ಮನುಷ್ಯರಿಗೆ ಹಿಮ್ಮಡಿ ಇತ್ತು, ಚೆನ್ನಾಗಿಯೇ ಇತ್ತು. ನಾನು ತೆಗೆಸಿದೆ. ಎಂದಾದರೂ ಒಂದು ದಿನ ನೀನು ಯಾವುದೋ ಗೋಡೆಯ ಮುಂದೆ ನಿಂತು ನನ್ನ ಕೈ ಗುರುತಿಸಬೇಕು, ಮೈಯೆಲ್ಲ ಉರಿಯಬೇಕು ಎಂದು. ಹೊಟ್ಟೆಕಿಚ್ಚು ನಿನ್ನೊಬ್ಬಳದೇ ಸೊತ್ತು ಎಂದುಕೊಂಡಿದ್ದೆಯಾ? ನಿನಗೆ ಕೆಲಸ ಇತ್ತು, ವಿದ್ಯಾರ್ಥಿಗಳಿದ್ದರು, ಮನೆಯಲ್ಲಿ ಅಮ್ಮಾ ಎನ್ನುವ ಹುಡುಗಿಯಿದ್ದಳು. ನನಗೆ ನಲವತ್ತು ಸೈಕಲ್‌ಗಳಿದ್ದವು.

ಇನ್ನೊಂದು ವಿಷಯ. ಇದನ್ನು ಹದಿನಾರು ವರ್ಷದ ಹಿಂದೆಯೇ ಹೇಳಬೇಕಾಗಿತ್ತು.

ಆ ವೃತ್ತಗಳ ಪೋಸ್ಟರಿನ ಮೂಲ ಹಾಳೆ ನನ್ನ ಹತ್ತಿರ ಇದೆ. ಗಲಾಟೆಯಾದ ಮೇಲೆ ಮುದ್ರಣಾಲಯದಿಂದ ತಂದಿಟ್ಟುಕೊಂಡೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನನ್ನ ದೊಡ್ಡ ಕಪ್ಪು ಗೆರೆಯ ವೃತ್ತದ ಒಳಗೆ ಇನ್ನೊಂದು ವೃತ್ತ ಇದೆ, ತಿಳಿನೀಲಿ ಪೆನ್ಸಿಲಿನದು. ಮುದ್ರಣದ ಕ್ಯಾಮೆರಾಗೆ ಆ ನೀಲಿ ಕಾಣುವುದಿಲ್ಲ ಎಂದು ನಾವಿಬ್ಬರೂ ತಿದ್ದುಪಡಿಗೆ ಬಳಸುತ್ತಿದ್ದ ಪೆನ್ಸಿಲ್. ಸಣ್ಣ ವೃತ್ತ ನಾಲ್ಕು ಸೆಂಟಿಮೀಟರ್ ಅಗಲ, ದೊಡ್ಡದನ್ನು ನಾನು ಎಂಟು ಮಾಡಿದ್ದೆ. ನೀಲಿ ವೃತ್ತದ ಪಕ್ಕದಲ್ಲಿ 5.7 ಎಂದು ಬರೆದಿದೆ. ವೃತ್ತ ಸರಿಯಾಗಿ ಎರಡು ಪಟ್ಟಾಗಲು ಅದೇ ಅಳತೆ. ಯಾರೋ ಕೂತು, ಲೆಕ್ಕ ಹಾಕಿ, ಕೈವಾರ ಹಿಡಿದು ಎಳೆದು, ಆಮೇಲೆ ಒಂದು ಮಾತೂ ಹೇಳದೆ ಹಾಳೆಯನ್ನು ಮುದ್ರಣಕ್ಕೆ ಕಳಿಸಿದ್ದಾರೆ.

ಯೋರಿಂಡ ಮೊದಲ ಚಳಿಗಾಲದಲ್ಲೇ ಅದನ್ನು ನನ್ನ ಡ್ರಾಯರಿನಲ್ಲಿ ಕಂಡಳು. "ಈ ನೀಲಿ ಯಾರು ಹಾಕಿದ್ದು?" ಎಂದಳು. ಗೊತ್ತಿಲ್ಲ ಎಂದೆ.

ರೆನ್ಸ್ಕೆ

—

ಗ್ರೋನಿಂಗನ್
19 ಏಪ್ರಿಲ್

ರೆನ್ಸ್ಕೆ,

ನಾನೇ. ನಿನಗೆ ಗೊತ್ತಿತ್ತು, ಆದರೂ ನನ್ನ ಬಾಯಲ್ಲಿ ಬರಲಿ.

ಅವತ್ತು ನೀನು ಊಟಕ್ಕೆ ಹೋಗಿದ್ದೆ. ಹಾಳೆಗೆ ಕಾಗದದ ಹೊದಿಕೆ ಅಂಟಿಸುತ್ತಿದ್ದೆ, ತಪ್ಪು ಕಣ್ಣಿಗೆ ಬಿತ್ತು. ಸರಿಯಾದ ವೃತ್ತವನ್ನು ಒಮ್ಮೆ ಎಳೆದು ನೋಡಿದೆ. ನೀನು ಬಂದ ಕೂಡಲೇ ಹೇಳೋಣ ಎಂದೇ ಇದ್ದೆ. ಅಷ್ಟರಲ್ಲಿ ಮುದ್ರಣಾಲಯದ ಮನುಷ್ಯ ಬಂದ. ನನ್ನ ಕೈಯಿಂದ ಹಾಳೆ ತೆಗೆದುಕೊಳ್ಳುತ್ತ, "ರೆನ್ಸ್ಕೆದಾ? ಹಾಗಾದ್ರೆ ನೋಡೋ ಹಂಗೇ ಇಲ್ಲ, ಸರಿಯಾಗೇ ಇರತ್ತೆ," ಎಂದ. ನಾನು ಬಾಗಿಲು ತೆಗೆದು ಹಿಡಿದೆ. ನಿನಗೆ ಸ್ವಲ್ಪ ಮುಖಭಂಗವಾಗಲಿ ಎಂದಷ್ಟೇ ಇತ್ತು ಮನಸ್ಸಿನಲ್ಲಿ. ಮನೆಗಳು ಹೋಗುತ್ತವೆ, ನೀನು ಹೋಗುತ್ತೀಯ ಎಂದು ಅನ್ನಿಸಿರಲಿಲ್ಲ. ಅನ್ನಿಸಿದ್ದರೂ ಹೇಳುತ್ತಿದ್ದೆನೋ ಇಲ್ಲವೋ, ಈಗ ಆಣೆ ಮಾಡಲಾರೆ.

ಯೋರಿಂಡಳಿಗೆ ಮೊನ್ನೆ ಭಾನುವಾರ ಹೇಳಿದೆ. ಆಲೂಗಡ್ಡೆ ಸುಲಿಯುತ್ತಿದ್ದಳು. ಪೂರ್ತಿ ಹೇಳಿ ಮುಗಿಸುವ ತನಕ ಸುಲಿಯುತ್ತಲೇ ಇದ್ದಳು. ಆಮೇಲೆ, "ಗೊತ್ತಮ್ಮಾ," ಎಂದಳು.

"ಯಾರು ಹೇಳಿದ್ದು? ಅವಳಾ?"

"ಯಾರೂ ಹೇಳ್ಲಿಲ್ಲ. ಆ ಹಾಳೆ ಮೇಲೆ ಐದು ಪಾಯಿಂಟ್ ಏಳು ಅಂತ ಇದ್ಯಲ್ಲ. ಐದರ ತಲೆ ಮೇಲಿನ ಗೆರೆ ಟೋಪಿ ಹಾರಿಹೋದ ಹಾಗೆ ದೂರ ನಿಂತಿದೆ. ಅದೇ ನೀಲಿ ಪೆನ್ಸಿಲಲ್ಲಿ ನನ್ನ ಡ್ರಾಯಿಂಗ್ ಮೇಲೂ ಒಂದು ಐದು ಹಾಕಿದ್ಯಲ್ಲಮ್ಮಾ. ಅದನ್ನ ನಾನು ಮರೀತೀನಾ?"

ಎರಡು ವರ್ಷದಿಂದ ಅವಳಿಗೆ ಗೊತ್ತಿತ್ತು. ನಿನಗೆ ಹೇಳಿದರೆ ನೀನು ನನ್ನನ್ನು ದ್ವೇಷಿಸುತ್ತೀಯ ಎಂದು ನಿನಗೆ ಹೇಳಲಿಲ್ಲ. ನನಗೆ ಹೇಳಿದರೆ ನಾನು ಕುಸಿಯುತ್ತೇನೆ ಎಂದು ನನಗೂ ಹೇಳಲಿಲ್ಲ. ಶನಿವಾರ ಬೆಳಿಗ್ಗೆ ಬ್ರೆಡ್ಡಿನ ಪೊಟ್ಟಣ ಇಸಿದುಕೊಂಡು ದೋಣಿಗೆ ಹೋಗುತ್ತಿದ್ದಳು.

"ಆ ಐದು ಸರಿಯಾಗಿತ್ತೇನೇ?" ಎಂದು ಕೇಳಿದೆ. ಅವಳು ಸಿಪ್ಪೆಯನ್ನೆಲ್ಲ ಒಂದೆಡೆ ಗುಡ್ಡೆ ಮಾಡಿ, "ಆರು ಇರ್ಬೇಕಿತ್ತು," ಎಂದಳು. ನಾಳೆ ತಿದ್ದಿಕೊಡು ಎನ್ನುವವಳಲ್ಲ. ಅವಳು ಸ್ನಾನಕ್ಕೆ ಹೋದಾಗ ಕಪಾಟು ಹುಡುಕಿ ಆ ಡ್ರಾಯಿಂಗ್ ನೋಡಿದೆ. ಆರಲ್ಲ, ಏಳು ಕೊಡಬಹುದಿತ್ತು.

ಪೋಸ್ಟರ್ ಬಂದಿದೆ. ನಮ್ಮ ಬೀದಿಯ ಅಂಚೆ ಕಚೇರಿಯಲ್ಲಿ ಸ್ಟಾಂಪಿನ ಕಿಟಕಿಯ ಪಕ್ಕದಲ್ಲೇ ಹಾಕಿದ್ದಾರೆ. ಸಾಲಿನಲ್ಲಿ ನಿಂತವರು ಮೊದಲು ಅದರಲ್ಲಿರುವ ಸಾಲನ್ನು ನೋಡುತ್ತಾರೆ, ಆಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹಿಲ್ಲಿ ಈಗ ಮಂಗಳವಾರ ಒಂದು ಗಂಟೆ ಬೇಗ ಹೊರಡುತ್ತಾಳೆ. ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕು, ತುಂಬ ದಿನ ಹಿಡಿಯುತ್ತದಂತೆ ಎಂದಳು. ಹಲ್ಲು ಚೆನ್ನಾಗಿ ನೋಡಿಕೊಳ್ಳಬೇಕು, ನಿಧಾನವಾಗಿಯೇ ಆಗಲಿ ಎಂದೆ.

ಶನಿವಾರ ಯೋರಿಂಡಳ ಜೊತೆ ನಾನೂ ದೋಣಿ ಹತ್ತುತ್ತೇನೆ. ನೀವಿಬ್ಬರೂ ಒಂದೇ ಮೇಜಿನ ಮೇಲೆ ಬಗ್ಗಿ ಕೂತಿರುತ್ತೀರಿ, ನಾನು ಒಳಗೆ ಬಂದ ಕೂಡಲೇ ಮಾತು ನಿಲ್ಲಿಸುತ್ತೀರಿ. ನನಗೆ ಹೊಟ್ಟೆ ಉರಿಯುತ್ತದೆ. ಈಗಲೇ ಉರಿಯುತ್ತಿದೆ, ಅದು ಹೋಗುವಂಥದಲ್ಲ. ನನಗೂ ಒಂದು ಕುರ್ಚಿ ಹಾಕು. ಬ್ರೆಡ್ಡಿಗೆ ಸಾಸಿವೆ ಕಡಿಮೆ ಹಚ್ಚುತ್ತೇನೆ.

ಆ ಹಾಳೆಯನ್ನು ಡ್ರಾಯರಿನಿಂದ ತೆಗೆದು ಮೇಜಿನ ಮೇಲೆ ಇಟ್ಟಿರು. ನೀಲಿ ವೃತ್ತದ ಮೇಲೆ ಕಪ್ಪು ಶಾಯಿಯಲ್ಲಿ ಎಳೆಯಬೇಕು, ಅವಳು ನೋಡುತ್ತಿರುವಾಗಲೇ. ಕೈವಾರ ನಾನೇ ತರುತ್ತೇನೆ.

ನಿನ್ನ
ಫ್ರೌಕೆ